ಮೂರನೇ ಪ್ಲಗ್ಗು

ಹೆಣ್ಣು ನೋಡಲು ನಲ್ಲಂಪಳ್ಳಿಗೆ ಹೋದ ದಿನ ಹುಡುಗಿಯ ಅಪ್ಪ ಹೆಸರು ಕೇಳಿದ. ಡ್ರೈವರ್ ನಂಜಯ್ಯನ ನಾಲಿಗೆ ಎಂದಿನಂತೆ ಮೊದಲಕ್ಷರಕ್ಕೇ ಸಿಕ್ಕಿಕೊಂಡಿತು. "ನ... ನ... ನ..."

ದೊಡ್ಡಸ್ತಿಕೆಗೆಂದು ಜೊತೆಗೆ ಬಂದಿದ್ದ ಯಜಮಾನ, ಸೇಲಂನ ನೂಲಿನ ವ್ಯಾಪಾರಿ ವೆಂಕಟಾಚಲಂ, ಎಲೆಯಡಿಕೆ ಬಾಯಲ್ಲೇ ಅಣಕಿಸಿದ: "ನ-ನ-ನ-ಪುಸ್! ನಾಲ್ಕು ಸಿಲಿಂಡರ್ನಾಗೆ ಒಂದು ಉರೀತಿಲ್ಲ ಕಣ್ರಪ್ಪಾ. ಪ್ಲಗ್ ಬದ್ಲಾಯಿಸ್ಬೇಕು!"

ಒಳಮನೆಯ ಬಳೆಗಳೂ ನಕ್ಕವು. ಸಂಬಂಧ ಮುರಿಯಿತು.

ಪ್ಲಗ್ಗೇ ತಾನೆ, ಬದಲಾಯಿಸೋಣ ಎಂದುಕೊಂಡ ನಂಜಯ್ಯ.

ಧರ್ಮಪುರಿಗೆ ಹೊರಟ ಬೆಳಿಗ್ಗೆ ಎಂಜಿನ್ನಿನ ಮೂರನೇ ಪ್ಲಗ್ಗು ತೆಗೆದು, ಪಿಂಗಾಣಿ ಸೀಳಿದ ಹಳೆಯದೊಂದನ್ನು ಕೂರಿಸಿದ. ಕಾರು ದಾರಿಯುದ್ದಕ್ಕೂ ಕೆಮ್ಮಿತು. ಓಮಲೂರಿನ ಬೀದಿಯೆಲ್ಲ ತಿರುಗಿ ನೋಡಿತು. ಅವನಿಗೆ ಬೇಕಿದ್ದುದೂ ಅದೇ.

"ನಿನ್ನಂಗೇ ತೊದಲ್ತೈತಲ್ಲೋ!" ಹಿಂದಿನ ಸೀಟಿನಲ್ಲಿ ಯಜಮಾನ ಕುಲುಕಿ ನಕ್ಕ. ನಂಜಯ್ಯನೂ ನಕ್ಕ.

ತೊಪ್ಪೂರು ಘಾಟಿಯ ಏರಿನಲ್ಲಿ, ಪಕ್ಕಕ್ಕೆ ಬರೀ ಆಕಾಶವಿದ್ದ ತಿರುವಿನಲ್ಲಿ ಕಾರು ನಿಲ್ಲಿಸಿದ. ಕೈಬ್ರೇಕನ್ನು ಅರ್ಧದಷ್ಟೇ ಎಳೆದ. ಎಲ್ಲ ಡ್ರೈವರುಗಳಂತೆ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ಯಾರೂ ಮಾಡದಂತೆ ಆ ಕಲ್ಲಿಗೆ ಹುರಿ ಕಟ್ಟಿ, ಚಕ್ರದ ಒಳಬದಿಯಿಂದ ಕಾರಿನಡಿಗೆ ಮುಂದಕ್ಕೆ ತಂದು, ಕಾಲಿನ ಹೆಬ್ಬೆರಳಿಗೆ ಸುತ್ತಿದ. ಬಾನೆಟ್ ಎತ್ತಿ ಹಳೇ ಪ್ಲಗ್ಗು ಬಿಚ್ಚಿದ. ಇನ್ನು ಬೇಕಿದ್ದುದು ನೋಡುವ ಕಣ್ಣು. ಕಾದ.

"ಎನ್ನಡಾ, ಪ್ಲಗ್ ಆಕ್ತೀಯೋ, ಮೊಟ್ಟೆಗೆ ಕಾವು ಕೊಡ್ತೀಯೋ?"

"ಆ... ಆಯ್ತು ಸಾಮಿ."

ಕೊನೆಗೆ ಮೇಲಿನ ತಿರುವಿನಲ್ಲಿ ಮೇಕೆ ಕಾಯುವ ಪೊನ್ನಮ್ಮ ಕಾಣಿಸಿದಳು. ಅವಳು ಕಂಡದ್ದಿಷ್ಟು: ಎರಡೂ ಕೈ ಎಂಜಿನ್ನಿನೊಳಗಿಟ್ಟ ಡ್ರೈವರು, ತಾನೇ ತಾನಾಗಿ ಹಿಂದಕ್ಕೆ ಜಾರಿ, ಅಂಚು ದಾಟಿ, ಯಜಮಾನನ ಕೂಗಿನ ಸಮೇತ ಕಣ್ಮರೆಯಾದ ಕಾರು. ಅವಳು ಓಡಿ ಬರುವಷ್ಟರಲ್ಲಿ ಹುರಿ ನಂಜಯ್ಯನ ಜೇಬು ಸೇರಿತ್ತು.

"ಅಳೇ ಪ್ಲಗ್ ಬಿಚ್ಚಿ ಕೈಲಿ ಇಡ್ಕಂಡಿದ್ದೆ ಸಾಮಿ," ಎಂದ ನಂಜಯ್ಯ, ತಿರುವಿಗೆ ಬಂದ ಇನ್ಸ್‌ಪೆಕ್ಟರ್ ಶಿವರಾಮನ್ ಮುಂದೆ, ಸೀಳಿದ ಪ್ಲಗ್ಗನ್ನು ಅಂಗೈಯಲ್ಲಿ ಚಾಚಿ. "ಒ... ಒಸದು ಆಕಾಕೆ ಮುಂಚೇನೇ ಕಲ್ಲು ಜಾರೋಯ್ತು." ತೊದಲೂ ಈ ಸಲ ಕೈ ಹಿಡಿಯಿತು, ತೊದಲುವವನು ಸುಳ್ಳು ಹೆಣೆಯಲಾರ ಎಂದು ಜನ ನಂಬುತ್ತಾರೆ.

"ಪಾವಂ, ನಾ ನೋಡ್ದಾಗ ಕೆಲ್ಸದಾಗೇ ಇದ್ದ," ಎಂದು ಪೊನ್ನಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಆಗ ಕಣಿವೆಯಿಂದ ಹತ್ತಿ ಬಂದ ಪೇದೆ ಹೇಳಿದ: "ನಾಲ್ಕು ಪ್ಲಗ್ಗೂ ಬಿಗಿಯಾಗಿ ಕೂತವೆ ಸಾರ್. ಮೂರನೇದು ಒಸದು. ಅದರ ಮ್ಯಾಲೆ ಕುಂಕುಮ." ಇನ್ಸ್‌ಪೆಕ್ಟರ್ ನಂಜಯ್ಯನ ಹಣೆ ನೋಡಿದ, ಬೊಟ್ಟು ಹೆಬ್ಬೆರಳಗಲ ಅಳಿಸಿತ್ತು. ಹೊಸ ಸಾಮಾನು ಕೂರಿಸಿದರೆ ಹಣೆಯ ಕುಂಕುಮವನ್ನು ಹೆಬ್ಬೆರಳಲ್ಲಿ ಅದಕ್ಕೆ ಒತ್ತಿ ಕಣ್ಣಿಗೊತ್ತಿಕೊಳ್ಳುವುದನ್ನು ಈ ಕಡೆಯ ಡ್ರೈವರರ ಕೈಗೆ ಯಾರೂ ಹೇಳಿಕೊಡಬೇಕಿಲ್ಲ. ಕಾಯುವ ಹೊತ್ತಿನಲ್ಲಿ ಅವನ ಕೈ ತನ್ನ ಕೆಲಸ ತಾನು ಮುಗಿಸಿಬಿಟ್ಟಿತ್ತು, ತಲೆಗೆ ಹೇಳಿರಲಿಲ್ಲ. "ಪ್ಲಗ್ಗೂ ಆಯ್ತು, ಪೂಜೆಯೂ ಆಯ್ತು," ಎಂದ ಶಿವರಾಮನ್, "ಆಮೇಲೂ ಬಾನೆಟ್ಟಿನೊಳಗೆ ಬಗ್ಗಿಕೊಂಡು ಯಾರಿಗೋಸ್ಕರ ಕಾಯ್ತಿದ್ದೆ ನಂಜಯ್ಯಾ?"