ಜೌಗಿನ ಜಮಖಾನ

೧೯೬೪ರ ಅಕ್ಟೋಬರ್ ೧೨, ಸೋಮವಾರ. ಬೆಳಿಗ್ಗೆ ೮.೪೦ಕ್ಕೆ ಸೋಲ್ವೇಗ್ ರೋನರ್‌ದಾಲ್ ಬ್ಯೋರ್ಕೆಬಿ ಠಾಣೆಗೆ ಬಂದು, ಕೋಟನ್ನೂ ಬಿಚ್ಚದೆ ದೂರು ಕೊಟ್ಟಳು. ಅವಳ ಅಕ್ಕ ಆಲ್ವಾ ಗುರುವಾರದಿಂದ ಕಾಣೆ. ಕಾಡು, ಪಾಚಿ, ಹೆಪ್ಪುಗಟ್ಟಿದ ಕೆರೆಗಳ ಜಮಖಾನಗಳಿಗೆ ಚಿತ್ರ ಬರೆಯುವ ಆಲ್ವಾಳ ಹೆಸರು ಸ್ಟಾಕ್‌ಹೋಮಿನವರೆಗೂ ಗೊತ್ತಿತ್ತು.

"ಕೆಂಪು ಟೋಪಿ ಹಾಕ್ಕೊಂಡು ಹೋಗಿದ್ಳು ಸಾರ್. ಬೇಟೆ ಕಾಲ ನೋಡಿ, ಯಾರಾದ್ರೂ ಗುಂಡು ಹೊಡೆದಾರು ಅಂತ. ನನಗೆ ಅವಳು ಬಿಟ್ರೆ ಯಾರೂ ಇಲ್ಲ. ಬದುಕಿದಾಳೋ ಇಲ್ವೋ, ಅಷ್ಟು ಹೇಳಿ."

ಇನ್‌ಸ್ಪೆಕ್ಟರ್ ಹಾಲ್ಗೋರ್ಡ್ ಎಫ್‌ಐಆರ್ ದಾಖಲಿಸಿ, ಪೇದೆ ಇಂಗ್ವೆಯೊಡನೆ ಹತ್ತು ಗಂಟೆಗೆ ಆಲ್ವಾಳ ನೇಯ್ಗೆಮನೆ ಸೇರಿದರು. ಅಲ್ಲಿ ಮ್ಯಾರ್ತಾ ಹೆಡ್‌ವಾಲ್ ಒಬ್ಬಳೇ ಇದ್ದಳು. ಇಪ್ಪತ್ತಾರು ವರ್ಷ ಆಲ್ವಾಳ ಚಿತ್ರಗಳನ್ನೆಲ್ಲ ನೇಯ್ದವಳು ಅವಳೇ.

"ಕೊನೆಗೆ ನೋಡಿದ್ದು ಯಾವಾಗ?"

"ಗುರುವಾರ. ಉಣ್ಣೆ ಲಡಿ ಹಿಡ್ಕೊಂಡು ಜೌಗಿಗೆ ಹೋದ್ರು."

"ಲಡಿ ಯಾಕೆ?"

"ಪಾಚಿ ಪಕ್ಕ ಇಟ್ಟು ತಾಳೆ ನೋಡದೆ ನಾವು ಯಾವ ಬಣ್ಣಾನೂ ಒಪ್ಪಲ್ಲ."

"ನೀವು ಜೊತೆಗೆ ಹೋಗ್ಲಿಲ್ವಾ?"

"ಮಗ್ಗ ಬಿಟ್ಟು ನನಗೆಲ್ಲಿ ಪುರಸೊತ್ತು?"

ಮಗ್ಗದ ಮೇಲೆ ಅದೇ ಜೌಗು ಅರ್ಧಕ್ಕೆ ಬಂದಿತ್ತು. ಕಪ್ಪು ನೀರು, ತುಕ್ಕು ಬಣ್ಣದ ಹುಲ್ಲು, ನಟ್ಟನಡುವೆ ಬೋಳು ಬಂಡೆ, ಅದರ ಬಲಕ್ಕೆ ಬಾಗಿದ ಬರ್ಚ್ ಮರ. ನೋಡುತ್ತ ನಿಂತರೆ ಪಾದ ತಣ್ಣಗೆ ಹೂತುಹೋದಂತಾಗಿ ಹಾಲ್ಗೋರ್ಡರಿಗೆ ಕಸಿವಿಸಿಯಾಯಿತು. ಮರದ ಬುಡದಲ್ಲಿ ಹೆಬ್ಬೆರಳಿನಷ್ಟು ಕೆಂಪು ಚುಕ್ಕೆಯಿತ್ತು. ಗೋಡೆಗೆ ಅಂಟಿಸಿದ ಮೂಲಚಿತ್ರದಲ್ಲಿ ಆ ಕೆಂಪೇ ಇರಲಿಲ್ಲ.

"ಇದೇನು?"

"ಜೌಗಿನ ಹಣ್ಣು," ಎಂದಳು ಮ್ಯಾರ್ತಾ, ತಲೆಯೆತ್ತದೆ.

ಆ ಕೆಂಪು ಆಲ್ವಾಳ ಟೋಪಿಯೇ ಇರಬೇಕೆಂದು, ಅಂದು ಮಧ್ಯಾಹ್ನದಿಂದಲೇ ದಟ್ಟ ಮಂಜಿನಲ್ಲೇ ಬಂಡೆಯ ಬಲಕ್ಕೆ ಉದ್ದನೆಯ ಗಳುಗಳಿಂದ ಶೋಧ ನಡೆಯಿತು. ಮಂಗಳವಾರವಿಡೀ ಚುಚ್ಚಿದರೂ ನೀರಿನಲ್ಲಿ ಹೋಮ ಮಾಡಿದಂತಾಯಿತು. ದಡದಲ್ಲಿ ನಿಂತ ಸೋಲ್ವೇಗ್ ಪ್ರತಿ ಸಲ ಗಳು ಎತ್ತಿದಾಗಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

"ಆಯಮ್ಮ ಹಣ್ಣು ಅಂದ್ರೆ ನಾವು ಹೆಣ ಹುಡುಕ್ತಿದೀವಲ್ಲ ಸಾರ್," ಎಂದು ಇಂಗ್ವೆ ಗೊಣಗಿದ.

ಬುಧವಾರ ಮಂಜು ಸರಿದ ಮೇಲೆ, ಬಂಡೆಯ ಮೇಲೆ ಕಾಫಿ ಕುಡಿಯುತ್ತಿದ್ದ ಹಾಲ್ಗೋರ್ಡರ ಕಣ್ಣು ಬಾಗಿದ ಬರ್ಚ್ ಮೇಲೆ ಬಿತ್ತು. ಮರ ನಿಂತಿದ್ದು ಎಡಕ್ಕೆ! ಅವರು ಕಾಫಿ ಕೆಳಗಿಟ್ಟರು. ಈ ನೇಯ್ಗೆಯಲ್ಲಿ ಜಮಖಾನದ ಮುಖ ನೆಲದ ಕಡೆಗಿರುತ್ತದೆ. ನೇಯುವವಳಿಗೆ ಕಾಣುವುದು ಬೆನ್ನು ಮಾತ್ರ. ಬಲವೆಲ್ಲ ಎಡ.

"ಅಮ್ಮನ ಮಗ್ಗದ ಕೆಳಗೇ ಆಡಿ ಬೆಳೆದೋನು ನಾನು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಎಡಕ್ಕೆ ಬಾರಯ್ಯ ಇಂಗ್ವೆ."

ಮಧ್ಯಾಹ್ನ ೨.೧೫ಕ್ಕೆ ಗಳುವಿಗೆ ಏನೋ ತಡೆಯಿತು. ಮೊದಲು ಬಂದದ್ದು ಕೆಂಪು ಟೋಪಿ. ಆಲ್ವಾಳ ಮುಷ್ಟಿಯಲ್ಲಿ ಪಾಚಿ ಬಣ್ಣದ ಲಡಿ ಇನ್ನೂ ಹಾಗೇ ಇತ್ತು. ಹಾಲ್ಗೋರ್ಡ್ ತಮ್ಮ ಟೋಪಿ ತೆಗೆದದ್ದು ನೋಡಿ ಸೋಲ್ವೇಗ್ ಹುಲ್ಲಿನ ಮೇಲೆ ಕುಸಿದು ಮಗುವಿನಂತೆ ಅತ್ತಳು. ಸ್ಥಳ ಪಂಚನಾಮೆ ನಡೆಯಿತು.

ನಾಲ್ಕು ಗಂಟೆಗೆ ಅವರು ನೇಯ್ಗೆಮನೆಗೆ ಹೋದಾಗ, ಮ್ಯಾರ್ತಾ ಮಗ್ಗದ ಕೆಳಗೆ ಕನ್ನಡಿ ಹಿಡಿದು ಮುಖದ ಕಡೆ ನೋಡುತ್ತಿದ್ದಳು.

"ಎಡಕ್ಕೆ ನೋಡಿದ್ರಾ?" ಎಂದಳು.

"ಟೋಪಿ ಯಾಕಮ್ಮ ನೇಯ್ದ್ರಿ?"

"ಅಲ್ಲಿ ಇತ್ತಲ್ಲ ಸಾರ್. ಕಂಡದ್ದನ್ನ ಬಿಡೋಕೆ ಕೈ ಒಪ್ಲಿಲ್ಲ."

ಆ ಜೌಗು ಮ್ಯಾರ್ತಾ ಹುಟ್ಟಿದ ಮನೆಯ ಹಿತ್ತಿಲಿನದು. ಅದರ ಚಿತ್ರವನ್ನು ಮೊದಲು ಪೆನ್ಸಿಲಿನಲ್ಲಿ ಬರೆದವಳೂ ಅವಳೇ.

"ಇಪ್ಪತ್ತಾರು ವರ್ಷ ಮೂಲೇಲಿ ಅವರ ಹೆಸರಿನ ಎರಡಕ್ಷರ ನೇಯ್ದೆ. ಈ ಒಂದ್ಸಲ ನಂದು ನೇಯ್ದೆ. ಜೌಗಲ್ಲಿ ನಿಂತು, ಅದನ್ನ ಬಿಚ್ಚು ಅಂದ್ರು. ಲಾಳಿ ಎಲ್ಲಾದ್ರೂ ಸಹಿ ಹಾಕುತ್ತಾ ಅಂತ ನಕ್ರು. ತಳ್ಳಿಬಿಟ್ಟೆ. ಕೈ ಚಾಚಿದ್ರು... ನಾನು ಚಾಚ್ಲಿಲ್ಲ."

ಆಕೆಯನ್ನು ಬಂಧಿಸಲಾಯಿತು. ಸಾಕ್ಷ್ಯಕ್ಕೆಂದು ಜಮಖಾನವನ್ನು ಮಗ್ಗದಿಂದ ಇಳಿಸಬೇಕಿತ್ತು. ಇಂಗ್ವೆ ಕತ್ತರಿ ಎತ್ತಿದ. ಮ್ಯಾರ್ತಾ ಅದನ್ನು ಕೇಳಿ ಪಡೆದು, ಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳನ್ನು ಒಂದೊಂದಾಗಿ ತಾನೇ ಕತ್ತರಿಸಿದಳು. ಸುರುಳಿ ಬಿಚ್ಚಿದಾಗ ಕೆಳಮೂಲೆಯಲ್ಲಿ ಎಂ.ಎಚ್. ಎಂಬ ಎರಡು ಅಕ್ಷರಗಳು ಕಂಡವು.

"ವಸ್ತು ಒಂದು, ಜಮಖಾನ. ತಯಾರಿಸಿದವರು... ಆಲ್ವಾ ಅಂತ ಬರೀಲಾ ಸಾರ್?" ಎಂದ ಇಂಗ್ವೆ, ಸಾಕ್ಷ್ಯಗಳ ಪಟ್ಟಿ ಬರೆಯುತ್ತ.

"ಮ್ಯಾರ್ತಾ ಹೆಡ್‌ವಾಲ್ ಅಂತ ಬರಿ."

ಅವಳು ಬಗ್ಗಿ ಆ ಸಾಲನ್ನು ಎರಡು ಸಲ ಓದಿದಳು. ಹೇಳಿಕೆಯ ಕೆಳಗೆ ಸಹಿಗೆಂದು ಪೆನ್ನು ಕೊಟ್ಟಾಗ ತಲೆಯೆತ್ತಿ ಕೇಳಿದಳು.

"ಎರಡಕ್ಷರ ಸಾಕಾ ಸಾರ್?"

"ಇಲ್ಲ," ಎಂದರು ಹಾಲ್ಗೋರ್ಡ್. "ಪೂರ್ತಿ ಹೆಸರು ಬರೀರಿ."