ಎರಡಿಂಚು ಎತ್ತರ

ದುಂಡೇಶ ಮೊದಲ ಸಲ ನನ್ನ ಮುಖ ನೋಡಲೇ ಇಲ್ಲ, ಕಾರಿನ ಹೊಟ್ಟೆ ನೋಡಿದ. ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗುವ ರಸ್ತೆಯಲ್ಲಿ ಆತನ ತಗಡಿನ ಗ್ಯಾರೇಜು. ನಾನು ಕೀಲಿಕೈ ಹಿಡಿದು ನಿಂತೇ ಇದ್ದೆ. ಈ ಮಹಾಶಯ ನೆಲಕ್ಕೆ ಬೆನ್ನು ಹಚ್ಚಿ ಕಾರಿನ ಕೆಳಗೆ ನುಸುಳಿ, ಅಲ್ಲಿಂದಲೇ ಮಾತಾಡಿಸಿದ.

"ಯಾರ ಗಾಡಿರೀ ಇದು, ಅಕ್ಕಾರ?"

"ನನ್ನ ಗಂಡಂದು."

"ಅವರು ಬರಲಿಲ್ಲೇನ್ರಿ?"

"ತೀರಿಕೊಂಡು ಎರಡು ವರ್ಷ ಆತು."

ಆಮೇಲೆ ಮೆಲ್ಲಗೆ ಹೊರಗೆ ಬಂದು ಎದ್ದು ನಿಂತ. ಆಗ ನೋಡಿದ ನನ್ನನ್ನು. ಅಯ್ಯೋ ಪಾಪ ಅನ್ನುವ ನೋಟ ಬರುತ್ತದೆ ಅಂತ ಕಾದಿದ್ದೆ, ಬಂದರೆ ಬೈಯಲು ತಯಾರಾಗಿಯೂ ಇದ್ದೆ. ಬರಲಿಲ್ಲ. "ಡಿಕ್ಕಿ ತಗೀರಿ," ಅಂದ, ಅಷ್ಟೆ.

ಡಿಕ್ಕಿಯ ತುಂಬ ರೋಹಿತನ ಡಬ್ಬಿಗಳು. ರೋಹಿತ ಪೇಪರ್ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ. ನಾಲ್ಕೂ ಗಾಲಿ ಎಳೆಯುವ ಈ ಸೆಕೆಂಡ್‌ಹ್ಯಾಂಡ್ ಕಾರು ತಂದ ದಿನದಿಂದ ಅವನಿಗೆ ಒಂದೇ ಹುಚ್ಚು. ಇದನ್ನು ಎರಡು ಇಂಚು ಎತ್ತರಿಸಬೇಕು, ಇಂಜಿನ್ ಕೆಳಗೆ ಕಬ್ಬಿಣದ ಪ್ಲೇಟ್ ಹೊಡೆಸಬೇಕು, ಕೆಸರಿನ ಟೈರ್ ಹಾಕಿಸಬೇಕು. ಜೋಯಿಡಾ ದಾಟಿ ಕ್ಯಾಸಲ್‌ರಾಕ್ ಕಡೆಗಿನ ಒಂದು ಗುಡ್ಡದ ಮಣ್ಣು ದಾರಿ ಹತ್ತಿ, ನನ್ನನ್ನು ಮೇಲೆ ಕೂಡಿಸಿ ಘಟ್ಟದ ರೈಲು ತೋರಿಸಬೇಕು. ಸಾಮಾನು ಬಂತು. ಅದೇ ವಾರ ಅವನಿಗೆ ಎದೆನೋವೂ ಬಂತು.

"ಅವರು ಹೇಳಿದಂಗ ಮಾಡ್ರಿ," ಅಂದೆ. "ಎರಡು ಇಂಚು ಅಂದ್ರ ಎರಡು ಇಂಚು. ಒಂದು ನೂಲೂ ಆಚೀಚೆ ಆಗಬಾರದು. ಒಮ್ಮೆ ಆ ಗುಡ್ಡ ಹತ್ತಿ ಬರ್ತೇನಿ, ಆಮ್ಯಾಲೆ ಗಾಡಿ ಮಾರಿಬಿಡ್ತೇನಿ."

"ಎರಡು ಇಂಚು ಇದಕ್ಕ ಜಾಸ್ತಿ ಆಗತೈತ್ರಿ ಅಕ್ಕಾರ. ಇದೇನು ಜೀಪಲ್ಲ."

"ನಿಮ್ಮನ್ನ ಕೇಳಿದ್ನೇನು?"

ಆತ ಮತ್ತೆ ಕಾರಿನ ಕೆಳಗೆ ನುಸುಳಿದ. ನನ್ನ ನಾಲಿಗೆ ಆಗ ಹಾಗೇ ಇತ್ತು, ಯಾರನ್ನೂ ಬಿಡುತ್ತಿರಲಿಲ್ಲ.

ನನಗೆ ರೆಸಾರ್ಟ್ ಒಂದರ ರಿಸೆಪ್ಷನ್ನಿನಲ್ಲಿ ಕೆಲಸ. ಬೆಳಗಿನ ಡ್ಯೂಟಿ ಮುಗಿಸಿ ಗ್ಯಾರೇಜಿಗೆ ಹೋಗಿ ಕೂಡುವುದು ರೂಢಿಯಾಯಿತು. ಕೆಲಸದ ಮೇಲೆ ಕಣ್ಣಿಡಲು ಅಂತ ನನಗೆ ನಾನೇ ಹೇಳಿಕೊಂಡೆ. ಯಾವುದೋ ಹಳೆಯ ವ್ಯಾನಿನ ಸೀಟು ಅಲ್ಲಿ ಬಿದ್ದಿತ್ತು. ಎರಡನೆಯ ದಿನವೇ ಅದರ ಮೇಲೆ ತೊಳೆದ ಟವೆಲ್ಲು ಹಾಸಿತ್ತು. ಯಾರು ಹಾಸಿದರು ಅಂತ ನಾನು ಕೇಳಲಿಲ್ಲ, ಆತ ಹೇಳಲೂ ಇಲ್ಲ.

ರೋಹಿತನ ಡಬ್ಬಿ ಬಿಚ್ಚುವ ಮುಂಚೆ ದುಂಡೇಶ ಪ್ರತಿ ಸಲ ಸೋಪು ಹಚ್ಚಿ ಕೈ ತೊಳೆಯುತ್ತಿದ್ದ.

"ಗ್ರೀಸ್ ಹಚ್ಚೋ ಕೆಲಸಕ್ಕ ಕೈ ತೊಳಕೊಳ್ಳೋರನ್ನ ಇವತ್ತ ನೋಡಿದೆ," ಅಂತ ಕೆಣಕಿದೆ.

"ಅವರು ಆಸೆಪಟ್ಟು ತರಿಸಿದ ಸಾಮಾನ್ರಿ. ಹೊಲಸು ಕೈಲೆ ಹೆಂಗ ಮುಟ್ಟೂದು?"

ನಾನು ರಸ್ತೆಯ ಕಡೆ ಮುಖ ತಿರುಗಿಸಿದೆ. ಹಾಳಾದವನು, ಚಹಾ ಕುಡಿಯುತ್ತ ಕೂತವಳನ್ನು ಅಳಿಸಿಬಿಟ್ಟ.

ಆತ ನನ್ನ ಕಡೆ ನೇರ ನೋಡುತ್ತಲೇ ಇರಲಿಲ್ಲ. ಬಾನೆಟ್ಟಿನ ಸಂದಿಯಿಂದ, ಬಿಚ್ಚಿಟ್ಟ ಕನ್ನಡಿಯಲ್ಲಿ, ಕಳ್ಳನ ಹಾಗೆ. ಸಿಕ್ಕಿಬಿದ್ದರೆ ನಟ್ಟು ಬಿಚ್ಚುವ ಪಾನಾ ಹುಡುಕುವ ನಾಟಕ, ಪಾನಾ ಕೈಯಲ್ಲೇ ಇರುತ್ತಿತ್ತು! ಒಂದು ದಿನ ಗಮನಿಸಿದೆ: ಮಾತಿಗೊಮ್ಮೆ ಬರುತ್ತಿದ್ದ 'ಅಕ್ಕಾರ' ನಿಂತುಹೋಗಿದೆ. ಅದರ ಬದಲಿಗೆ ಬೇರೆ ಹೆಸರೂ ಇಲ್ಲ. "ಚಹಾ ಹೇಳ್ಲ್ಯಾ...?" ಅಂದು ಅರ್ಧಕ್ಕೇ ನಿಲ್ಲುತ್ತಿದ್ದ. ಆ ಅರ್ಧ ಮಾತು ನನಗೆ ಹಿತವಾಗಿತ್ತು. ಮನೆಗೆ ಹೋಗಿ ರೋಹಿತನ ಫೋಟೋದ ಎದುರು ನಿಂತರೆ ಮೈಯೆಲ್ಲ ಹಿಡಿಯಾಗುತ್ತಿತ್ತು.

ಮನೆಯಲ್ಲಿ ನಾನು ಮತ್ತು ಅತ್ತೆ ಗುರುಬಸವ್ವ, ಇಬ್ಬರೇ. ರೊಟ್ಟಿ ಬಡಿಯುತ್ತ ಒಂದು ಸಂಜೆ ಅತ್ತೆ ಕೇಳಿಯೇಬಿಟ್ಟರು.

"ಆ ಗ್ಯಾರೇಜಿನಾಂವ ಗಾಡಿ ನೋಡಾಕತ್ತಾನೋ, ನಿನ್ನ ನೋಡಾಕತ್ತಾನೋ?"

"ಏನರೆ ಮಾತಾಡಬ್ಯಾಡ್ರಿ ಅತ್ತಿ."

"ನಾ ಬ್ಯಾಡ ಅನ್ನಂಗಿಲ್ಲವ್ವಾ. ನಿನ್ನ ವಯಸ್ಸು ನನಗ ಕಾಣೂದಿಲ್ಲೇನು? ಆದ್ರ ನೀ ಹೋದ್ರ, ಈ ಮನ್ಯಾಗ ನನ್ನ ಮಗನ ಸುದ್ದಿ ತಗ್ಯಾವ್ರು ಯಾರು?" ರೊಟ್ಟಿ ಹಂಚಿನ ಮೇಲೆ ಸೀದುಹೋಗುತ್ತಿತ್ತು. ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಅವತ್ತೇ ಗಟ್ಟಿ ಮಾಡಿಕೊಂಡೆ. ಗುಡ್ಡ ಹತ್ತುವುದು, ರೋಹಿತನ ಆಸೆ ತೀರಿಸುವುದು, ಗಾಡಿ ಮಾರುವುದು, ಮತ್ತೆ ಆ ಗ್ಯಾರೇಜಿನ ಕಡೆ ತಲೆ ಹಾಕದಿರುವುದು.

ಎತ್ತರಿಸಿದ ಗಾಡಿ ಮೊದಲ ಸಲ ಮಣ್ಣಿಗಿಳಿಯುವಾಗ ದುಂಡೇಶ ಪಕ್ಕದಲ್ಲಿ ಕೂಡುತ್ತಾನೆ. ಎಲ್ಲಿಂದ ಏನು ಸದ್ದು ಬರುತ್ತದೆ ಅಂತ ಕಿವಿಗೊಟ್ಟು ಕೇಳಬೇಕಂತೆ, ಕೇಳದೆ ಗಾಡಿ ಒಪ್ಪಿಸುವುದಿಲ್ಲವಂತೆ. ಆತನ ಪದ್ಧತಿ ಅದು. ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ಭಾನುವಾರ ಬೆಳಿಗ್ಗೆ ಹೊರಟೆವು. ನಾನು ಸ್ಟೇರಿಂಗ್ ಹಿಡಿದಿದ್ದೆ. ಜೋಯಿಡಾ ದಾಟುವವರೆಗೆ ದುಂಡೇಶ ಕಿಟಕಿಗೆ ಕಿವಿ ಹಚ್ಚಿ ಕೂತಿದ್ದ. ಆಕಾಶ ಮತ್ತೆ ಕಪ್ಪಾಗುತ್ತ ಬಂತು.

ಗುಡ್ಡದ ಬುಡದಲ್ಲಿ ಟಾರು ಮುಗಿದು ಕೆಂಪು ಕೆಸರು ಶುರುವಾಯಿತು. ಅರ್ಧ ಏರು ಹತ್ತಿದ್ದೇ ತಡ, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪವೊಂದು ಮಿಣುಕಿತು. ಹಿಂದಿನ ಗಾಲಿ ಎಳೆಯುವುದನ್ನೇ ಬಿಟ್ಟವು. ಮುಂದಿನವು ಗರಗರ ತಿರುಗಿ ಗಾಜಿನ ತುಂಬ ಕೆಸರು ಎರಚಿದವು.

"ಬಂದ್ ಮಾಡ್ರಿ, ಬಂದ್ ಮಾಡ್ರಿ! ಹಿಂದಿನ ಗಾಲಿಗೆ ಜೋರು ಕೊಡೂ ಭಾಗ ಕಾದೈತಿ. ಸುಡಬಾರದಂತ ತಾನ ಕೈ ಬಿಡತೈತಿ. ತಣ್ಣಗಾಗೂತನಾ ಸುಮ್ಮನ ಕೂಡಬೇಕ್ರಿ."

"ಎಷ್ಟೊತ್ತು?"

"ಅದು ಹೂಂ ಅನ್ನೂತನಾ." ಆಮೇಲೆ ತಲೆ ಕೆರೆದುಕೊಂಡ. "ಟೈರಿನ ವಿಷಯದಾಗ ನಂದ ತಪ್ಪು. ನಿಮಗ ಚಂದ ಕಾಣ್ಲಿ ಅಂತ ಒಂದು ಸೈಜ್ ದೊಡ್ಡದು ಹಾಕಿದೆ. ಭಾಳ ಭಾರ ಆತು."

ಸಿಟ್ಟು ನೆತ್ತಿಗೇರಿತು. "ರೋಹಿತ ಇದ್ದಿದ್ರ ಹಿಂಗ ಆಗ್ತಿರಲಿಲ್ಲ. ಅವರು ಹೇಳಿದ ಎರಡು ಇಂಚು ಎತ್ತರ ಇದ್ರೂ ಗಾಡಿ ನಿಂತೈತಿ ಅಂದ್ರ..."

"ಎರಡು ಇಂಚು ಇಲ್ರಿ."

"ಏನು?"

"ಒಂದಿಂಚಿನ ಮ್ಯಾಲೆ ಸ್ವಲ್ಪ ಅಷ್ಟ ಎತ್ತೇನಿ. ಅವರು ತರಿಸಿದ ಎರಡಿಂಚಿನ ಸಾಮಾನು ಅಷ್ಟ ಡಬ್ಬ್ಯಾಗ ಹಂಗ ಇಟ್ಟೇನಿ." ಆತನ ದನಿ ಇಳಿದಿತ್ತು. "ಎರಡು ಎತ್ತಿದ್ರ ಗಾಲಿ ತಿರುಗಿಸೋ ಶಾಫ್ಟ್ ಸೊಟ್ಟ ನಿಲ್ಲತೈತಿ. ರಬ್ಬರ್ ಹರಿದು, ಮಣ್ಣು ಹೊಕ್ಕು, ಇಂಥಾ ಏರಿನ್ಯಾಗ ಶಾಫ್ಟ್ ಮುರಿದ್ರ ಗಾಡಿ ಹಿಂದ ಜಾರತೈತಿ. ಒಳಗ ನೀವಿರ್ತೀರಿ."

"ನಾ ಹೇಳಿದ್ನಲ್ಲ! ಒಂದು ನೂಲೂ ಆಚೀಚೆ ಆಗಬಾರದು ಅಂತ ಹೇಳಿದ್ನಲ್ಲ! ಸುಳ್ಳು ಹೇಳಿ ಇಲ್ಲೀತನಾ ಕರಕೊಂಡು ಬಂದೀರಿ ನನ್ನ!"

"ಹೌದ್ರಿ. ಸತ್ತವರ ಮಾತು ನಡಸಾಕ ಹೋಗಿ ನಿಮ್ಮನ್ನ ಕಳಕೊಳ್ಳಾಕ ನನ್ನ ಕೈಲೆ ಆಗಲಿಲ್ಲ."

ಎರಡು ವರ್ಷದಿಂದ ಎಲ್ಲರೂ ನಾನು ಹೇಳಿದ್ದಕ್ಕೆಲ್ಲ ತಲೆ ಆಡಿಸುತ್ತ ಬಂದಿದ್ದರು, ಪಾಪ ವಿಧವೆ ಅಂತ. ಈತ ಒಬ್ಬನೇ ಇಲ್ಲ ಅಂದಿದ್ದ. ಅದೂ ನನ್ನ ಬೆನ್ನ ಹಿಂದೆ. ಕಪಾಳಕ್ಕೆ ಬಿಗಿಯಬೇಕು ಅನ್ನಿಸಿತು, ಆ ಭುಜದ ಮೇಲೆ ತಲೆಯಿಡಬೇಕು ಅಂತಲೂ ಅನ್ನಿಸಿತು.

"ನಿರ್ಮಲಾ ಅವರ," ಅಂದ. ಮೊದಲ ಸಲ ನನ್ನ ಹೆಸರು ಆತನ ಬಾಯಲ್ಲಿ. "ನನಗ..."

"ಹೇಳಬ್ಯಾಡ್ರಿ!" ಕೂಗಿಯೇಬಿಟ್ಟೆ. "ಈ ಗಾಡ್ಯಾಗ ಕೂತು ಹೇಳಬ್ಯಾಡ್ರಿ. ಇದು ಅವರ ಗಾಡಿ."

ಆತ ತಲೆ ತಗ್ಗಿಸಿದ. ಗಾಜಿನ ಮೇಲೆ ಹನಿ ಬೀಳತೊಡಗಿತು. ಈಗ ಸುಮ್ಮನಿದ್ದರೆ ಈ ಮನುಷ್ಯ ಜನ್ಮ ಹೋದರೂ ಮತ್ತೆ ಬಾಯಿ ಬಿಡುವುದಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ನಾಳೆಯಿಂದ ಆ ರಸ್ತೆ ಇಲ್ಲ, ಚಹಾ ಇಲ್ಲ, ಯಾವುದೂ ಇಲ್ಲ. ಬಾಗಿಲು ತೆಗೆದೆ. ಮೊಣಕಾಲವರೆಗೆ ಕೆಸರು. ಇಳಿದೆ.

"ಕೆಳಗ ಬರ್ರಿ."

"ಮಳಿರೀ..."

"ಬರ್ರಿ ಅಂದೆ."

ಬಂದ. ಗಾಡಿಯಿಂದ ದೂರ, ಒಂದು ಮತ್ತಿ ಮರದ ತನಕ ಜಾರುತ್ತ ಏಳುತ್ತ ನಡೆದೆವು.

"ಈಗ ಹೇಳ್ರಿ."

"ನನಗ ನೀವು ಬೇಕ್ರಿ," ಅಂದ. ಕೈ ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

ರೋಹಿತನನ್ನು ಮಣ್ಣು ಮಾಡಿದ ದಿನವೂ ನಾನು ಹಾಗೆ ಅತ್ತಿರಲಿಲ್ಲ. ಗುಡ್ಡದ ಮೇಲೆ ಅವನ ಜೊತೆ ಕೂತು ಆ ರೈಲು ನಾನು ಇನ್ನು ನೋಡುವುದಿಲ್ಲ, ಅವನು ತೋರಿಸುವುದಿಲ್ಲ. ಅದು ಅವತ್ತು ಆ ಮಳೆಯಲ್ಲಿ ನನಗೆ ಖಾತ್ರಿಯಾಯಿತು. ದುಂಡೇಶ ಅಳಬ್ಯಾಡ್ರಿ ಅನ್ನಲಿಲ್ಲ. ಮುಗಿಯುವವರೆಗೆ ನೆನೆಯುತ್ತ ನಿಂತಿದ್ದ.

"ಅತ್ತಿಗೆ ನಾನ ಹೇಳತೇನಿ," ಅಂದೆ ಕೊನೆಗೆ, ಮೂಗು ಒರೆಸಿಕೊಳ್ಳುತ್ತ.

"ಅವರು ಅಳತಾರ್ರಿ."

"ಅಳಲಿ. ನಾನೂ ಅವರ ಜೋಡಿ ಕೂತು ಅಳತೇನಿ. ನೀವೂ ಬಂದು ಕೂಡಬೇಕು. ಅವರು ಮಗನ ಸುದ್ದಿ ತಗದಾಗ ಎದ್ದು ಹೋಗಬಾರದು, ಪೂರಾ ಕೇಳಬೇಕು. ಆಗತೈತೇನು?"

"ದಿನಾ ಕೇಳತೇನ್ರಿ," ಅಂದ ದುಂಡೇಶ.