ಸಂಜು ಅಣ್ಣನ ‘ನಕೋ’

“ಅತ್ತಿ ಬಂದ್ಲು! ಅಣ್ಣಾ, ರೆಡಿ ಆಗು!”

ಸಿಂಧೂರ ಕಿಟಕಿಯಲ್ಲಿ ಕೂಗಿದ ಕೂಗಿಗೆ ಪುಣೆಯ ಧನಕವಡಿಯ ಪಾರಿವಾಳಗಳೆಲ್ಲ ಹಾರಿ ದೂರದ ಸಾಸವಡ ಊರು ಮುಟ್ಟಿದವು. ನಂಬದಿದ್ದರೆ ಪಾರಿವಾಳಗಳನ್ನೇ ಕೇಳಿ.

ಮೆಟ್ಟಿಲು ಹತ್ತಿ ಬರುತ್ತಿದ್ದವಳು ಪಾರವ್ವತ್ತೆ, ಪಪ್ಪನ ಅಕ್ಕ. ಅವಳು ಹಿಂಡಿದ ಕೆನ್ನೆ ವಾರಗಟ್ಟಲೆ ಟೊಮೆಟೊ! ಕಬ್ಬಿನ ಗಾಣ ಕೂಡ ಅವಳ ಬೆರಳು ಕಂಡರೆ ನಡುಗುತ್ತದೆ. ಸಂಜು ಅಣ್ಣನಿಗೆ ಹದಿನೆಂಟು ತುಂಬಿದರೂ ಆ ಬೆರಳುಗಳಿಂದ ಬಿಡುಗಡೆ ಸಿಕ್ಕಿರಲಿಲ್ಲ.

ಹೊಸದನ್ನು ಕಲಿಯಲು ಸಂಜುವಿಗೆ ಬೇರೆಯವರಿಗಿಂತ ಹೆಚ್ಚು ಹೊತ್ತು ಬೇಕು. ಅಂಥವರ ಕ್ಲಾಸಿನಲ್ಲಿ ಮಾಧುರಿ ಟೀಚರ್ ಈಗ ಒಂದೇ ಪಾಠ ಮಾಡುತ್ತಿದ್ದರು: ನಿನ್ನ ಮೈ ನಿನ್ನದು. ಯಾರಾದರೂ ಮುಟ್ಟಿದ್ದು ಹಿಡಿಸದಿದ್ದರೆ ಅಂಗೈ ಮುಂದೆ ಮಾಡಿ ಮರಾಠಿಯಲ್ಲಿ ‘ನಕೋ’, ಅಂದರೆ ಬೇಡ, ಅನ್ನು. ಮನೆಯಲ್ಲಿ ಪ್ರಾಕ್ಟೀಸ್ ಮಾಡಿಸುವ ಕೋಚ್ ತಂಗಿ ಸಿಂಧೂರ. ಅವಳಂಥ ಕೋಚ್ ಇಡೀ ಭೂಮಿಯ ಮೇಲೆ ಇಲ್ಲ ಎಂದು ಅವಳೇ ಹೇಳುತ್ತಿದ್ದಳು.

“ನನ್ನ ಬಂಗಾರಾ!” ಅತ್ತೆ ಒಳಗೆ ಬಂದವಳೇ ಎರಡೂ ಕೈ ಚಾಚಿದಳು.

ಸಂಜು ಅಂಗೈ ಮುಂದೆ ಮಾಡಿದ. “ನಕೋ.”

ಫ್ಯಾನ್ ತಿರುಗುವುದೇ ನಿಂತುಹೋಯಿತು. ಸರಿ, ನಿಲ್ಲಲಿಲ್ಲ. ಆದರೆ ನಿಲ್ಲಬೇಕಿತ್ತು.

“ಏ ಸಂಜು, ಅತ್ತೀಗೆ ಹಂಗ ಅಂತಾರೇನು? ಕೈ ಇಳಸು!” ಪಪ್ಪ ಗದರಿದರು.

ಅಂಗೈ ಮೆಲ್ಲಗೆ ಇಳಿಯತೊಡಗಿತು. ಸಿಂಧೂರ ನಡುವೆ ನುಗ್ಗಿದಳು.

“ಇಳಸಬ್ಯಾಡ ಅಣ್ಣಾ! ಪಪ್ಪಾ, ಮನ್ಯಾಗ ಅನ್ನಾಕ ಬಿಡಲಿಲ್ಲಂದ್ರ ಬಸ್ಸಿನ್ಯಾಗ ಯಾರರ ಮುಟ್ಟಿದ್ರ ಹ್ಯಾಂಗ ಅಂತಾನ?”

ಪಪ್ಪ ಒಂದು ಹೆಜ್ಜೆ ಹಿಂದೆ ಸರಿದರು.

ಅತ್ತೆ ತನ್ನ ಬೆರಳುಗಳನ್ನು ನೋಡಿಕೊಂಡಳು. “ನೋವ ಆಗ್ತಿತ್ತೇನೋ ಸಂಜು?”

“ಭಾಳ.”

“ಅಯ್ಯ ನನ್ನಪ್ಪಾ! ಹಂಗಾರ ದೂರಿಂದನ ದೃಷ್ಟಿ ತೆಗೀತೀನಿ, ತೊಗೋ.” ಅತ್ತೆ ನಿಂತಲ್ಲೇ ತನ್ನ ಹಣೆಯ ಎರಡೂ ಬದಿಗೆ ಬೆರಳೊತ್ತಿ ನೆಟಿಗೆ ಮುರಿದಳು. ಕಾತ್ರಜ್ ಘಾಟಿನವರು ಪಟಾಕಿ ಎಂದುಕೊಂಡರು.

“ಗೆದ್ದಿ ಅಣ್ಣಾ! ಎಲ್ಲಾ ನನ್ನ ಟ್ರೇನಿಂಗ್!” ಸಿಂಧೂರ ಅವನ ಕೊರಳಿಗೆ ಜೋತುಬಿದ್ದು, ದಿನಾ ಮಾಡುವಂತೆ ಕೂದಲು ಕೆದರಿದಳು.

ಅಂಗೈ ಮತ್ತೆ ಬಂತು. “ನಕೋ.”

“ಏ, ನಾನೋ! ನಿನ್ನ ಕೋಚ್!”

“ನಕೋ.”

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿ ನಕ್ಕಳು. “ಈಗ ನಿನ್ನ ಪಾಳಿ ಬಂತ ನೋಡವಾ!”

ಸಿಂಧೂರ ನಿಧಾನವಾಗಿ ಕೈ ಬಿಟ್ಟಳು. ಕೂದಲು ಕೆದರಿದಾಗಲೆಲ್ಲ ಅಣ್ಣ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದ. ಖುಷಿಗೆ ಎಂದುಕೊಂಡಿದ್ದಳು.

ಸಂಜು ಸೋಫಾದಲ್ಲಿ ಕೂತು ಕೂದಲು ಸರಿಮಾಡಿಕೊಂಡ.

“ಅಣ್ಣಾ… ಬಾಜೂಕ ಕೂಡ್ಲೇನು?”

ಸಂಜು ಯೋಚಿಸಿದ. ಪುಣೆಯ ಸಿಗ್ನಲ್‌ಗಳೆಲ್ಲ ಕೆಂಪಾದವು, ಹಸಿರಾದವು, ಮತ್ತೆ ಕೆಂಪಾದವು. ಸಿಂಧೂರ ತುಟಿ ಕಚ್ಚಿಕೊಂಡು ಕಾದಳು.

“ಕೂಡು.”

ಅವಳು ನಡುವೆ ಒಂದು ದಿಂಬಿನಷ್ಟು ಜಾಗ ಬಿಟ್ಟು ಕೂತಳು.